ಅಟ್ಟದಿಂದ ಇಳಿದ ಯಾಶಿಕಾ: ಎರಡು ಕಣ್ಣಿನ ಕ್ಯಾಮೆರಾಕ್ಕೆ ಮತ್ತೆ ರೀಲು ಹಾಕುವುದು ಹೇಗೆ?

"ಅಜ್ಜನ ಪೆಟ್ಟಿಗೆಯಲ್ಲಿ ಎರಡು ಲೆನ್ಸಿನ ಹಳೆಯ ಕ್ಯಾಮೆರಾ ಸಿಕ್ಕಿದೆ, ಮೇಲೆ ಯಾಶಿಕಾ ಎಂದಿದೆ. ಇದಕ್ಕೆ ಇನ್ನೂ ಜೀವ ಇದೆಯೇ? ರೀಲು ಸಿಗುತ್ತದೆಯೇ? ಮಾರಿದರೆ ಎಷ್ಟು ಬಂದೀತು?" ತಿಂಗಳಿಗೆ ಎರಡು ಮೂರು ಬಾರಿಯಾದರೂ ಈ ಪ್ರಶ್ನೆಗಳು ನನಗೆ ಬರುತ್ತವೆ. ಮೂರನೆಯದನ್ನು ಬಿಟ್ಟುಬಿಡೋಣ, ಮಾರುವವರಿಗಾಗಿ ಇದನ್ನು ಬರೆಯುತ್ತಿಲ್ಲ. ಮೊದಲ ಎರಡಕ್ಕೆ ಉತ್ತರ ಹೆಚ್ಚಿನ ಸಲ ಹೌದು ಎಂದೇ. ಈ ಕ್ಯಾಮೆರಾದ ಮುಖ್ಯ ಕೆಲಸಗಳಿಗೆ ವಿದ್ಯುತ್ತೇ ಬೇಡ. ಸ್ಪ್ರಿಂಗ್, ಹಲ್ಲುಚಕ್ರ, ಗಾಜು, ಒಂದು ಕನ್ನಡಿ ಇಷ್ಟೇ. ಐವತ್ತು ವರ್ಷ ಸುಮ್ಮನೆ ಕುಳಿತರೂ ತಾನಾಗಿ ಮುರಿಯುವುದು ಇದರಲ್ಲಿ ಕಡಿಮೆ. ಅಟ್ಟದಿಂದ ಇಳಿಸಿದ ದಿನವೇ ಅವಸರಪಟ್ಟು ತಿರುವಿ, ಒತ್ತಿ, ಉಜ್ಜಿ ಮುರಿಯುವವರು ನಾವು.

ಇಂಥ ಕ್ಯಾಮೆರಾವನ್ನು ಟ್ವಿನ್ ಲೆನ್ಸ್ ರಿಫ್ಲೆಕ್ಸ್, ಚುಟುಕಾಗಿ ಟಿಎಲ್‌ಆರ್ ಎನ್ನುತ್ತಾರೆ. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಮೇಲಿನ ಲೆನ್ಸಿನಿಂದ ಬಂದ ಬೆಳಕು ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗಿ, ನೆತ್ತಿಯ ಮೇಲಿನ ಮಸುಕು ಗಾಜಿನಲ್ಲಿ ಮೂಡುತ್ತದೆ. ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ ಅದನ್ನು ನೋಡಬೇಕು.

ಯಾರು ಮಾಡಿದ್ದು, ನಿಮ್ಮದು ಯಾವುದು?

ಜಪಾನಿನ ನಾಗಾನೊ ಪ್ರಾಂತದಲ್ಲಿ ಸುವಾ ಎಂಬ ಸರೋವರವಿದೆ. ಅದರ ದಂಡೆಯ ಊರುಗಳು ಒಂದು ಕಾಲಕ್ಕೆ ರೇಷ್ಮೆ ನೂಲು ಬಿಚ್ಚುವ ಕಸುಬಿಗೆ ಹೆಸರಾಗಿದ್ದವು. ರೇಷ್ಮೆಯ ಕಾಲ ಮುಗಿದ ಮೇಲೆ ಗಡಿಯಾರ ಮತ್ತು ಸೂಕ್ಷ್ಮ ಯಂತ್ರಗಳ ಕೆಲಸ ಅಲ್ಲಿ ಬೇರು ಬಿಟ್ಟಿತು. 1949ರ ಡಿಸೆಂಬರಿನಲ್ಲಿ ಯಾಶಿಮಾ ಸೀಕಿ ಎಂಬ ಪುಟ್ಟ ಕಾರ್ಖಾನೆ ಎಂಟು ಮಂದಿ ಕೆಲಸಗಾರರೊಂದಿಗೆ ಅಲ್ಲಿಯೇ ಹುಟ್ಟಿಕೊಂಡಿತು. ಮೊದಲು ಮಾಡುತ್ತಿದ್ದದ್ದು ವಿದ್ಯುತ್ ಗಡಿಯಾರದ ಬಿಡಿಭಾಗಗಳನ್ನು, ಆಮೇಲೆ ಕ್ಯಾಮೆರಾದ ಬಿಡಿಭಾಗಗಳನ್ನು.

ಎರಡು ಲೆನ್ಸಿನ ಮಾದರಿ ಜಪಾನಿನವರ ಕಲ್ಪನೆಯಲ್ಲ. ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ಫ್ರಾಂಕೆ ಮತ್ತು ಹೈಡೆಕೆ ಎಂಬವರು 1929ರಲ್ಲಿ ಹೊರತಂದ ರೋಲೈಫ್ಲೆಕ್ಸ್ ಎಲ್ಲಕ್ಕೂ ಅಚ್ಚು. ಅದು ದುಬಾರಿ. 1950ರಲ್ಲಿ ಜಪಾನಿನಲ್ಲಿ ರಿಕೋಫ್ಲೆಕ್ಸ್ ಅಗ್ಗದ ಬೆಲೆಗೆ ಬಂದು ಭರ್ಜರಿಯಾಗಿ ಮಾರಾಟವಾದದ್ದೇ ತಡ, ಕಂಡಕಂಡವರೆಲ್ಲ ಟಿಎಲ್‌ಆರ್ ಮಾಡಲು ಹೊರಟರು. ಯಾಶಿಮಾದ ಮೊದಲ ಪೂರ್ಣ ಕ್ಯಾಮೆರಾಗಳು 1953ರಲ್ಲಿ ಪಿಜನ್‌ಫ್ಲೆಕ್ಸ್, ಯಾಶಿಮಾಫ್ಲೆಕ್ಸ್ ಎಂಬ ಹೆಸರುಗಳಲ್ಲಿ ಬಂದವು. ಯಾಶಿಕಾ ಎಂಬ ಹೆಸರು ಮೊದಲು ಕ್ಯಾಮೆರಾಕ್ಕೆ ಅಂಟಿತು, 1958ರಲ್ಲಿ ಕಂಪನಿಯೇ ಆ ಹೆಸರನ್ನು ಇಟ್ಟುಕೊಂಡಿತು. ಆ ಹುಚ್ಚಿನ ದಿನಗಳಲ್ಲಿ ಹುಟ್ಟಿದ ಹತ್ತಾರು ತಯಾರಕರು ಕೆಲವೇ ವರ್ಷಗಳಲ್ಲಿ ಮಾಯವಾದರು. ಯಾಶಿಕಾ ಮಾತ್ರ 1986ರವರೆಗೂ ಟಿಎಲ್‌ಆರ್ ಮಾಡುತ್ತಲೇ ಇತ್ತು.

ನಿಮ್ಮ ಕೈಯಲ್ಲಿರುವುದು ಈ ಕೆಳಗಿನವುಗಳಲ್ಲಿ ಒಂದಾಗಿರುವ ಸಾಧ್ಯತೆ ಹೆಚ್ಚು.

ಯಾಶಿಕಾ ಎ: ತೀರ ಸರಳ. ಶಟರ್, ಅಂದರೆ ಕ್ಷಣಮಾತ್ರ ತೆರೆದು ಬೆಳಕನ್ನು ಒಳಗೆ ಬಿಡುವ ಬಾಗಿಲು, ಅದರ ವೇಗ ಸೆಕೆಂಡಿನ 1/25ರಿಂದ 1/300ರವರೆಗೆ ಮಾತ್ರ. ಹಿಂಬಾಗಿಲಿನ ಕೆಂಪು ಕಿಂಡಿಯಲ್ಲಿ ರೀಲಿನ ಅಂಕಿ ನೋಡಿಕೊಂಡು ಸುತ್ತಬೇಕು.

ಯಾಶಿಕಾ ಡಿ: 1958ರಿಂದ 1970ರ ದಶಕದ ಆರಂಭದವರೆಗೆ ಬಂದದ್ದು. ರೀಲು ಸುತ್ತಲು ದುಂಡು ಗುಬುಟು, ಶಟರ್ ಸಿದ್ಧಪಡಿಸಲು ಲೆನ್ಸಿನ ಬಳಿ ಪ್ರತ್ಯೇಕ ಸನ್ನೆ, ಅಂದರೆ ಲಿವರ್. 635 ಎಂಬುದು ಇದರ ಅಣ್ಣತಮ್ಮ, ಜೋಡಣೆಗಳನ್ನು ಹಾಕಿದರೆ 35 ಎಂಎಂ ರೀಲನ್ನೂ ನುಂಗುತ್ತದೆ.

ಯಾಶಿಕಾ ಮ್ಯಾಟ್: 1957ರಲ್ಲಿ ಬಂದದ್ದು. ಪಕ್ಕದಲ್ಲಿ ಮಡಚುವ ಹಿಡಿಕೆ, ಅಂದರೆ ಕ್ರ್ಯಾಂಕ್ ಇರುತ್ತದೆ. 1968ರ 124 ಮತ್ತು 1970ರ 124ಜಿ ಇದೇ ವಂಶದವು. ಇವಕ್ಕೆ ಬೆಳಕು ಅಳೆಯುವ ಮೀಟರ್ ಸೇರಿತು, 124ಜಿಯ ವಿದ್ಯುತ್ ಸಂಪರ್ಕಗಳಿಗೆ ಚಿನ್ನದ ಲೇಪ ಬಂತು.

ಇನ್ನೂ ಕ್ಯಾಮೆರಾ ಕೊಳ್ಳದವರಿಗೆ ಒಂದು ಮಾತು. ಎಲ್ಲರೂ 124ಜಿ ಬೇಕು ಎನ್ನುತ್ತಾರೆ, ಬೆಲೆಯೂ ಅದಕ್ಕೇ ಹೆಚ್ಚು. ನನ್ನ ಕೈಗೆ ಮಾತ್ರ ಯಾಶಿಕಾ ಡಿ ಹೆಚ್ಚು ಒಗ್ಗಿದೆ. ಹಳೆಯ ಮೀಟರನ್ನು ನಂಬಲಾಗುವುದಿಲ್ಲ. ನಂಬಲಾಗದ ಭಾಗಕ್ಕೆ ಹೆಚ್ಚು ದುಡ್ಡು ಯಾಕೆ? ಲೆನ್ಸಿನ ಮೇಲೆ ಯಾಶಿಕೋರ್ ಎಂದಿದ್ದರೆ ಒಳಗೆ ಮೂರು ಗಾಜು, ಯಾಶಿನಾನ್ ಎಂದಿದ್ದರೆ ನಾಲ್ಕು. ನಾಲ್ಕರದು ಅಂಚಿನಲ್ಲೂ ಚುರುಕು ಎಂಬುದು ನಿಜ. ಆದರೆ ಅಪರ್ಚರನ್ನು ಎಫ್/8ಕ್ಕೆ ಇಳಿಸಿ ತೆಗೆದ ಚಿತ್ರದಲ್ಲಿ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕಾಗುತ್ತದೆ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ಬರುವ ರಂಧ್ರ, ಅದರ ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು.

ಹಾಗೆಯೇ, ಈಗ ಯಾಶಿಕಾ ಹೆಸರಿನಲ್ಲಿ ಬರುವ ಹೊಸ ಸಾಮಾನುಗಳನ್ನು ಕಂಡು ಮೋಸಹೋಗಬೇಡಿ. ಕಂಪನಿ 1983ರಲ್ಲಿ ಜಪಾನಿನದೇ ಆದ ಕ್ಯೋಸೆರಾ ಎಂಬ ಕಂಪನಿಯ ತೆಕ್ಕೆಗೆ ಹೋಯಿತು. 2005ರಲ್ಲಿ ಕ್ಯೋಸೆರಾ ಕ್ಯಾಮೆರಾ ವ್ಯವಹಾರವನ್ನೇ ಕೈಬಿಟ್ಟಿತು. 2008ರಲ್ಲಿ ಹಾಂಗ್‌ಕಾಂಗಿನ ಸಮೂಹವೊಂದು ಹೆಸರನ್ನಷ್ಟೇ ಕೊಂಡಿತು.

ಬೇಕಾಗುವ ಸಾಮಾನು

ಮೊಬೈಲಿನ ಟಾರ್ಚ್, ಗಾಳಿ ಊದುವ ರಬ್ಬರ್ ಬುರುಡೆ, ಮೆತ್ತನೆಯ ಕುಂಚ, ಒಂದು ತುಂಡು ಬಟರ್ ಪೇಪರ್. ಆಮೇಲೆ 120 ರೀಲು. ಇದು ಕ್ಯಾಮೆರಾದ ಮಾದರಿ ಸಂಖ್ಯೆಯಲ್ಲ, ರೀಲಿನ ಅಳತೆಯ ಹೆಸರು. ಕಾಗದದ ಬೆನ್ನಿರುವ ಅಗಲವಾದ ರೀಲು, ಇದರಲ್ಲಿ ಆರು ಸೆಂಟಿಮೀಟರಿಗೆ ಹತ್ತಿರದ ಚೌಕ ಚಿತ್ರಗಳು ಹನ್ನೆರಡು ಬರುತ್ತವೆ. ಇಲ್ಫೋರ್ಡ್, ಕೊಡಾಕ್ ಎರಡೂ ಈಗಲೂ ತಯಾರಿಸುತ್ತಿವೆ. ಮೊದಲ ರೀಲಿಗೆ ಐಎಸ್ಒ 400ರ ಕಪ್ಪುಬಿಳುಪು ತೆಗೆದುಕೊಳ್ಳಿ. ಐಎಸ್ಒ ಎಂದರೆ ರೀಲು ಬೆಳಕಿಗೆ ಎಷ್ಟು ಚುರುಕು ಎಂಬುದರ ಅಳತೆ. 400ರ ಕಪ್ಪುಬಿಳುಪು ರೀಲು ನಿಮ್ಮ ಸಣ್ಣಪುಟ್ಟ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಒಂದು ಖಾಲಿ ಸ್ಪೂಲ್ ಕೂಡ ಬೇಕು. ಸ್ಪೂಲ್ ಎಂದರೆ ರೀಲು ಸುತ್ತುವ ಕಡ್ಡಿ. ಸಾಮಾನ್ಯವಾಗಿ ಕ್ಯಾಮೆರಾದೊಳಗೇ ಒಂದು ಇರುತ್ತದೆ. ಇಲ್ಲದಿದ್ದರೆ ರೀಲು ತೊಳೆಯುವ ಲ್ಯಾಬಿನವರನ್ನು ಕೇಳಿ, ಅವರಲ್ಲಿ ರಾಶಿ ಬಿದ್ದಿರುತ್ತವೆ.

1. ಮುಟ್ಟುವ ಮೊದಲು ನೋಡಿ

ಹಿಂಬಾಗಿಲು ತೆರೆಯುವ ಮೊದಲು, ಒಳಗೆ ಹಳೆಯ ರೀಲು ಇರಬಹುದೇ ಎಂದು ಯೋಚಿಸಿ. ಎಣಿಕೆಯ ಕಿಂಡಿಯಲ್ಲಿ ಅಂಕಿ ಕಂಡರೆ, ಇಲ್ಲವೇ ಕೆಂಪು ಕಿಂಡಿಯಲ್ಲಿ ಕಾಗದ ಕಂಡರೆ, ರೀಲು ಪೂರ್ತಿ ಸುತ್ತುವವರೆಗೆ ಬಾಗಿಲು ತೆರೆಯಬೇಡಿ. ಅದರಲ್ಲಿ ಯಾರ ಮುಖವಿದೆಯೋ ಯಾರಿಗೆ ಗೊತ್ತು.

ಆಮೇಲೆ ಟಾರ್ಚ್ ಹಿಡಿದು ಕೆಳಗಿನ ಲೆನ್ಸನ್ನು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಚರ್ಮದ ಚೀಲದೊಳಗೆ ಮಳೆಗಾಲಗಳನ್ನು ಕಳೆದ ಕ್ಯಾಮೆರಾಗಳಲ್ಲಿ ಇದು ತಪ್ಪಿದ್ದಲ್ಲ. ಗಾಜಿನ ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಚಿತ್ರಕ್ಕೆ ತೊಂದರೆಯಿಲ್ಲ. ನಡುವೆ ಹರಡಿದ್ದರೆ ಅಥವಾ ಗಾಜೆಲ್ಲ ಹಾಲಿನಂತೆ ಮಂಜಾಗಿದ್ದರೆ ಬಿಚ್ಚಿ ತೊಳೆಯಬೇಕಾಗುತ್ತದೆ, ಅದು ಬಲ್ಲವರ ಕೆಲಸ. ಮೇಲಿನ ಲೆನ್ಸಿನಲ್ಲಿ ಗೀರು, ಫಂಗಸ್ ಏನಿದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಅದರ ಮೂಲಕ ಚಿತ್ರ ಮೂಡುವುದಿಲ್ಲ. ಆ ಚರ್ಮದ ಚೀಲವನ್ನು ನೆನಪಿಗೆ ಇಟ್ಟುಕೊಳ್ಳಿ, ಆದರೆ ಕ್ಯಾಮೆರಾವನ್ನು ಅದರೊಳಗೆ ಇಡಬೇಡಿ. ಮುಚ್ಚಳ ಬಿಗಿಯಾದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳಿನ ಪೊಟ್ಟಣ ಸಾಕು.

ನೆತ್ತಿಯ ಮುಚ್ಚಳ ಎತ್ತಿದರೆ ಕಾಣುವ ಗಾಜು ಮಂಕಾಗಿದ್ದರೆ ಒಳಗಿನ ಕನ್ನಡಿಯ ಮೇಲೆ ಧೂಳು ಕೂತಿದೆ ಎಂದರ್ಥ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮನೆಯ ಕನ್ನಡಿಗೆ ರಸ ಬಳಿದಿರುವುದು ಗಾಜಿನ ಹಿಂದೆ, ಈ ಕನ್ನಡಿಗೆ ಗಾಜಿನ ಮುಂದೆ. ಬಟ್ಟೆಯಿಂದ ಉಜ್ಜಿದರೆ ಧೂಳಿನ ಜೊತೆಗೆ ಬೆಳ್ಳಿಯೂ ಬರುತ್ತದೆ. ಬುರುಡೆಯಿಂದ ಗಾಳಿ ಊದಿ, ಹೋಗದ ಧೂಳನ್ನು ಕುಂಚದಿಂದ ಸವರಿ. ಅದಕ್ಕೂ ಜಗ್ಗದ್ದನ್ನು ಹಾಗೆಯೇ ಬಿಡಿ.

2. ಶಟರಿನ ನಾಡಿ ಹಿಡಿಯಿರಿ

ಹಿಂಬಾಗಿಲು ತೆರೆದು, ಅಪರ್ಚರನ್ನು ಪೂರ್ತಿ ತೆರೆದು, ಅಂದರೆ ಎಫ್/3.5ಕ್ಕೆ ಇಟ್ಟು, ಕ್ಯಾಮೆರಾವನ್ನು ಕಿಟಕಿಯ ಕಡೆ ಹಿಡಿಯಿರಿ. ಶಟರ್ ವೇಗವನ್ನು 1 ಸೆಕೆಂಡಿಗೆ ಇಡಿ (ಎ ಮಾದರಿಯಲ್ಲಿ ಈ ವೇಗ ಇಲ್ಲ). ಡಿ ಮಾದರಿಯಲ್ಲಿ ಸನ್ನೆ ಎಳೆದು, ಮ್ಯಾಟ್‌ನಲ್ಲಿ ಕ್ರ್ಯಾಂಕನ್ನು ಮುಂದಕ್ಕೆ ತಿರುಗಿಸಿ ಮತ್ತೆ ಹಿಂದಕ್ಕೆ ತಂದು, ಗುಂಡಿ ಒತ್ತಿ. ಸರ್‌ರ್‌ರ್ ಎಂಬ ಸದ್ದಿನೊಡನೆ ತೆರೆದು ಸುಮಾರು ಒಂದು ಸೆಕೆಂಡಿಗೆ ಮುಚ್ಚಿಕೊಂಡರೆ ಆರೋಗ್ಯ ಚೆನ್ನಾಗಿದೆ. ನಡುವೆ ನಿಂತುಬಿಟ್ಟರೆ, ಎರಡು ಮೂರು ಸೆಕೆಂಡು ಎಳೆದರೆ, ಒಳಗಿನ ಎಣ್ಣೆ ಒಣಗಿ ಅಂಟಾಗಿದೆ. ಗಾಬರಿ ಬೇಡ. ನಿಧಾನದ ವೇಗಗಳು ಅಂಟಿಕೊಂಡಿದ್ದರೂ 1/60ರಿಂದ 1/250ರವರೆಗಿನವು ಸಾಮಾನ್ಯವಾಗಿ ಕೆಲಸ ಮಾಡುತ್ತವೆ. ಹೊರಗಿನ ಬೆಳಕಿಗೆ ಬೇಕಾಗುವುದು ಅವೇ. ಹೊಲಿಗೆ ಯಂತ್ರದ ಎಣ್ಣೆಯನ್ನು ಮಾತ್ರ ಒಳಗೆ ಬಿಡಬೇಡಿ. ಅದು ಶಟರಿನ ತೆಳು ರೆಕ್ಕೆಗಳ ಮೇಲೆ ಹರಿದು ಅವುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಹಲವು ಮಾದರಿಗಳಲ್ಲಿ ಲೆನ್ಸಿನ ಪಕ್ಕದಲ್ಲಿ ಎಂ, ಎಕ್ಸ್, ವಿ ಎಂದು ಮೂರು ಅಕ್ಷರಗಳ ನಡುವೆ ಓಡಾಡುವ ಪುಟ್ಟ ಸನ್ನೆ ಇದೆ. ಎಂ ಹಳೆಯ ಕಾಲದ ಬಲ್ಬ್ ಫ್ಲಾಶಿಗೆ, ಎಕ್ಸ್ ಇಂದಿನ ಫ್ಲಾಶಿಗೆ. ವಿ ಎಂದರೆ ಸೆಲ್ಫ್ ಟೈಮರ್, ಗುಂಡಿ ಒತ್ತಿದ ಮೇಲೆ ಓಡಿಹೋಗಿ ಚಿತ್ರದಲ್ಲಿ ನಿಲ್ಲಲು ಸಮಯ ಕೊಡುವಂಥದು. ಹಳೆಯ ಕ್ಯಾಮೆರಾಗಳಲ್ಲಿ ಈ ಟೈಮರ್ ಅರ್ಧದಲ್ಲಿ ಸಿಕ್ಕಿಕೊಂಡರೆ ಇಡೀ ಶಟರ್ ಬಂದ್. ಸನ್ನೆ ಎಕ್ಸ್‌ನಲ್ಲಿಯೇ ಇರಲಿ. ಅದನ್ನು ಮರೆತೇಬಿಡಿ.

3. ಫೋಕಸ್ ಸರಿಯಾಗಿದೆಯೇ?

ಫೋಕಸ್ ಗುಬುಟು ತಿರುಗಿಸಿದಾಗ ಎರಡೂ ಲೆನ್ಸಿರುವ ಮುಂಭಾಗ ಒಟ್ಟಿಗೇ ಹಿಂದೆ ಮುಂದೆ ಸರಿಯಬೇಕು. ಬಿಗಿಯಾಗಿದ್ದರೆ ಗ್ರೀಸ್ ಗಟ್ಟಿಯಾಗಿದೆ. ಬಲ ಹಾಕಬೇಡಿ, ರಿಪೇರಿಯವರಿಗೆ ಕೊಡಿ.

ಹಿಂದೆ ಯಾರಾದರೂ ಬಿಚ್ಚಿ ಜೋಡಿಸಿದ ಕ್ಯಾಮೆರಾ ಆಗಿದ್ದರೆ ಮೇಲಿನ ಲೆನ್ಸ್ ಹೇಳುವುದೇ ಒಂದು, ಕೆಳಗಿನದು ಮಾಡುವುದೇ ಒಂದು ಆಗಿರುತ್ತದೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಿಂಬಾಗಿಲು ತೆರೆದು, ಫಿಲ್ಮ್ ಕೂರುವ ಒಳಹಳಿಗಳ ಮೇಲೆ ಬಟರ್ ಪೇಪರನ್ನು ಸುಕ್ಕಿಲ್ಲದಂತೆ ಬಿಗಿಯಾಗಿ ಅಂಟಿಸಿ. ಶಟರನ್ನು ಬಿ ಗೆ ಇಡಿ. ಬಿ ಎಂದರೆ ಗುಂಡಿ ಒತ್ತಿರುವಷ್ಟು ಹೊತ್ತೂ ಶಟರ್ ತೆರೆದೇ ಇರುವುದು. ಅಪರ್ಚರ್ ಎಫ್/3.5. ಈಗ ದೂರದ ವಿದ್ಯುತ್ ಕಂಬವನ್ನೋ ನೀರಿನ ಟ್ಯಾಂಕನ್ನೋ ಮೇಲಿನ ಗಾಜಿನಲ್ಲಿ ಚುರುಕಾಗುವಂತೆ ಫೋಕಸ್ ಮಾಡಿ, ಗುಂಡಿ ಒತ್ತಿ ಹಿಡಿದು, ತಲೆಗೆ ಕಪ್ಪು ಬಟ್ಟೆ ಹೊದ್ದು ಬಟರ್ ಪೇಪರನ್ನು ನೋಡಿ. ಅಲ್ಲಿ ಕಂಬ ತಲೆಕೆಳಗಾಗಿ, ಅಷ್ಟೇ ಚುರುಕಾಗಿ ನಿಂತಿರಬೇಕು. ರೀಲು ಹಾಕುವ ಮೊದಲೇ ಆ ಪುಟ್ಟ ಚೌಕದಲ್ಲಿ ನಿಮ್ಮ ಬೀದಿಯನ್ನು ಕಾಣುವುದು ಒಂದು ಸುಖ. ಒಮ್ಮೆ ಇದಕ್ಕೆ ಕೂತರೆ ನಾನು ಬೇಗ ಏಳುವುದಿಲ್ಲ.

4. ರೀಲು ಹಾಕುವುದು

ಬಿಸಿಲಿನಲ್ಲಿ ಬೇಡ, ನೆರಳಿನಲ್ಲಿ ಕುಳಿತು ಮಾಡಿ. ಖಾಲಿ ಸ್ಪೂಲ್ ಮೇಲಿನ ಕೋಣೆಗೆ, ಹೊಸ ರೀಲು ಕೆಳಗಿನ ಕೋಣೆಗೆ. ಪಕ್ಕದ ಗುಬುಟುಗಳನ್ನು ಹೊರಕ್ಕೆ ಎಳೆದರೆ ಸ್ಪೂಲ್ ಕೂರಲು ಜಾಗವಾಗುತ್ತದೆ. ರೀಲಿನ ಸುತ್ತಲಿನ ಅಂಟುಪಟ್ಟಿ ಹರಿದು ಕಾಗದದ ತುದಿಯನ್ನು ಮೇಲಕ್ಕೆ ಎಳೆದು ಖಾಲಿ ಸ್ಪೂಲಿನ ಸೀಳಿಗೆ ತೂರಿಸಿ. ಕಾಗದದ ಕಪ್ಪು ಮುಖ ಲೆನ್ಸಿನ ಕಡೆಗೆ, ಅಕ್ಷರವಿರುವ ಮುಖ ನಿಮ್ಮ ಕಡೆಗೆ. ಅದಲುಬದಲಾದರೆ ಫಿಲ್ಮಿನ ಮುಂದೆ ಕಾಗದವೇ ಅಡ್ಡ ನಿಂತು ರೀಲೆಲ್ಲ ಖಾಲಿ. ನನ್ನ ಮೊದಲ ರೀಲು ಹೋದದ್ದು ಹೀಗೆಯೇ.

ಈಗ ನಿಧಾನವಾಗಿ ಸುತ್ತುತ್ತಾ ಹೋಗಿ. ಕಾಗದ ಎರಡೂ ಅಂಚಿಗೆ ಸಮನಾಗಿ ಸುತ್ತಿಕೊಳ್ಳಬೇಕು. ಕೆಳಗಿನ ರೀಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದಿದ್ದರೆ ಸಡಿಲವಾಗುವುದಿಲ್ಲ. ಸಡಿಲ ಸುತ್ತಿದರೆ ಅಂಚಿನಿಂದ ಬೆಳಕು ನುಗ್ಗಿ ಚಿತ್ರದ ಪಕ್ಕ ಬೂದುಬಣ್ಣದ ಪಟ್ಟೆ ಬೀಳುತ್ತದೆ. ಕಾಗದದ ಮೇಲೆ ಅಡ್ಡಲಾಗಿ ಬಾಣದ ಗುರುತು ಬರುತ್ತದೆ. ಅದು ಕ್ಯಾಮೆರಾದ ಒಳಅಂಚಿನ ಕೆಂಪು ಗುರುತುಗಳಿಗೆ ನೇರವಾಗಿ ಬಂದೊಡನೆ ನಿಲ್ಲಿಸಿ, ಬಾಗಿಲು ಮುಚ್ಚಿ, ಚಿಲಕ ತಿರುಗಿಸಿ. ಮ್ಯಾಟ್ ಮತ್ತು ಡಿ ಮಾದರಿಗಳಲ್ಲಿ ಎಣಿಕೆಯ ಕಿಂಡಿಯಲ್ಲಿ 1 ಬಂದು ತಾನಾಗಿ ನಿಲ್ಲುವವರೆಗೆ ಸುತ್ತಿ.

124 ಮತ್ತು 124ಜಿ ಇರುವವರು ಬಾಗಿಲು ಮುಚ್ಚುವ ಮೊದಲು ಅದರ ಒಳಗಿನ ಒತ್ತುಫಲಕವನ್ನು ನೋಡಿ. ಫಿಲ್ಮನ್ನು ಚಪ್ಪಟೆಯಾಗಿ ಹಿಡಿದಿಡುವ ಕಪ್ಪು ತಗಡು ಅದು. ಒತ್ತಿ ಸರಿಸಿದರೆ ಎರಡು ಸ್ಥಾನ: 120ಕ್ಕೆ 12 ಚಿತ್ರ, ಹೆಚ್ಚು ಉದ್ದದ 220 ರೀಲಿಗೆ 24. ನಿಮಗೆ ಬೇಕಾದದ್ದು 12.

5. ಬೆಳಕಿನ ಲೆಕ್ಕ

124 ಮತ್ತು 124ಜಿಯ ಮೀಟರಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಅದರ ಮಾರಾಟ ಎಂದೋ ನಿಂತಿದೆ. ಅದೇ ಗಾತ್ರದ 1.5 ವೋಲ್ಟಿನದನ್ನು ಹಾಕಿದರೆ ಮುಳ್ಳು ಆಡುತ್ತದೆ, ಆದರೆ ತಪ್ಪು ತೋರಿಸುತ್ತದೆ. ಮುಳ್ಳು ಆಡಿತೆಂದು ಹಿಗ್ಗಬೇಡಿ. ಹಳೆಯ ಬ್ಯಾಟರಿ ಒಳಗೆ ಸೋರಿ ಹಸಿರುಗಟ್ಟಿದ್ದರೆ ಅದನ್ನು ಬರಿಗೈಯಲ್ಲಿ ಮುಟ್ಟದೆ ತೆಗೆದು ಇ-ತ್ಯಾಜ್ಯಕ್ಕೆ ಕೊಡಿ.

ಮೀಟರ್ ಬದಲಿಗೆ ಮೊಬೈಲಿನ ಲೈಟ್ ಮೀಟರ್ ಆ್ಯಪ್ ಸಾಕು. ಅದೂ ಬೇಡವೆಂದರೆ ಈ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ. ಐಎಸ್ಒ 400ರ ರೀಲಿಗೆ ಶಟರನ್ನು 1/250ಕ್ಕೆ ಇಟ್ಟುಬಿಡಿ, ಅಪರ್ಚರ್ ಮಾತ್ರ ಬದಲಾಯಿಸಿ. ಕಡು ಬಿಸಿಲಿಗೆ ಎಫ್/22. ನೆರಳಿನ ಅಂಚು ಮಂಕಾಗಿ ಕಾಣುವ ಎಳೆಬಿಸಿಲಿಗೆ ಎಫ್/16. ನೆರಳೇ ಬೀಳದ ಮೋಡಕ್ಕೆ ಎಫ್/11. ದಟ್ಟ ಮೋಡಕ್ಕೆ ಎಫ್/8. ಜಗಲಿಯಲ್ಲಿ, ಮರದಡಿಯಲ್ಲಿ ಕೂತವರಿಗೆ ಎಫ್/5.6. ಅನುಮಾನ ಬಂದರೆ ಬೆಳಕು ಒಂದು ಹೆಜ್ಜೆ ಹೆಚ್ಚೇ ಇರಲಿ, ನೆಗೆಟಿವ್ ಫಿಲ್ಮ್ ಹೆಚ್ಚನ್ನು ತಡೆದುಕೊಳ್ಳುತ್ತದೆ, ಕಡಿಮೆಯನ್ನು ತಡೆಯುವುದಿಲ್ಲ.

1/500 ಇದ್ದರೂ 1/250 ಯಾಕೆ ಎಂದು ಕೇಳಬಹುದು. 1/500ಕ್ಕೆ ಒಳಗೆ ಬೇರೆಯೇ ಒಂದು ಬಿಗಿ ಸ್ಪ್ರಿಂಗ್ ಸೇರಿಕೊಳ್ಳುತ್ತದೆ. ಶಟರ್ ಸಿದ್ಧವಾದ ಮೇಲೆ ಆ ವೇಗಕ್ಕೆ ತಿರುಗಿಸಿದರೆ ಕೆಡುವ ಭಯ. ಅದೇ ಬೇಕಾದರೆ ಸಿದ್ಧಪಡಿಸುವ ಮೊದಲೇ ತಿರುಗಿಸಿಡಿ.

6. ಚಿತ್ರ ತೆಗೆಯುವುದು

ನೆತ್ತಿಯ ಗಾಜಿನಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ. ಎಡಕ್ಕೆ ಹೋಗುವ ಸೈಕಲ್ಲು ಬಲಕ್ಕೆ ಹೋಗುತ್ತದೆ. ಮೊದಲ ರೀಲಿನಲ್ಲಿ ಓಡುವ ಮಕ್ಕಳ ಹಿಂದೆ ಬೀಳದೆ ಕೂತವರನ್ನು, ನಿಂತವರನ್ನು ತೆಗೆಯಿರಿ. ಮುಚ್ಚಳದೊಳಗೆ ಮಡಚಿಟ್ಟ ಭೂತಗನ್ನಡಿ ಇದೆ. ಅದನ್ನು ಎತ್ತಿ, ಕಣ್ಣು ಹತ್ತಿರ ಇಟ್ಟು, ಕಣ್ಣಿನ ರೆಪ್ಪೆಯ ಕೂದಲು ಚುರುಕಾಗುವವರೆಗೆ ಫೋಕಸ್ ಮಾಡಿ.

ಈಗ ತಲೆ ಕತ್ತರಿಸಿ ಹೋಗುವ ಪ್ರಸಂಗ. ನೀವು ನೋಡುವ ಲೆನ್ಸ್ ಚಿತ್ರ ತೆಗೆಯುವ ಲೆನ್ಸಿಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿದೆ. ದೂರದ ಬೆಟ್ಟಕ್ಕೆ ಇದರಿಂದ ಏನೂ ಆಗದು. ಒಂದು ಮೀಟರ್ ದೂರದ ಮುಖಕ್ಕೆ ಮಾತ್ರ ಗಾಜಿನಲ್ಲಿ ಕಂಡ ನೆತ್ತಿ ನೆಗೆಟಿವ್‌ನಲ್ಲಿ ಇರುವುದಿಲ್ಲ. ಇದನ್ನು ಪ್ಯಾರಲ್ಯಾಕ್ಸ್ ಎನ್ನುತ್ತಾರೆ. ಹತ್ತಿರದವರ ಚಿತ್ರ ತೆಗೆಯುವಾಗ ತಲೆಯ ಮೇಲೆ ಜಾಗ ಬಿಡಿ. ಇಲ್ಲವೇ ಚೌಕಟ್ಟು ಕೂಡಿಸಿಕೊಂಡ ಮೇಲೆ, ಒತ್ತುವ ಮುನ್ನ ಕ್ಯಾಮೆರಾವನ್ನು ಮೂರು ಬೆರಳಿನಷ್ಟು ಮೇಲೆತ್ತಿ.

ಪ್ರತಿ ಚಿತ್ರದ ನಂತರ ಮ್ಯಾಟ್‌ನಲ್ಲಿ ಕ್ರ್ಯಾಂಕನ್ನು ಮುಂದಕ್ಕೆ ನಿಲ್ಲುವವರೆಗೆ, ಆಮೇಲೆ ಹಿಂದಕ್ಕೆ ನಿಲ್ಲುವವರೆಗೆ ತಿರುಗಿಸಿ. ಮುಂದಕ್ಕೆ ತಿರುಗಿದಾಗ ರೀಲು ಸರಿಯುತ್ತದೆ, ಹಿಂದಕ್ಕೆ ಬಂದಾಗ ಶಟರ್ ಸಿದ್ಧವಾಗುತ್ತದೆ. "ಗುಂಡಿ ಒತ್ತಲಾಗುತ್ತಿಲ್ಲ, ಕೆಟ್ಟಿದೆ" ಎಂದು ಬರೆಯುವವರಲ್ಲಿ ಅರ್ಧ ಮಂದಿ ಹಿಂದಕ್ಕೆ ತಿರುಗಿಸುವುದನ್ನು ಮರೆತವರು. ಡಿ ಮಾದರಿಯಲ್ಲಿ ರೀಲು ಮತ್ತು ಶಟರಿಗೆ ಸಂಬಂಧವಿಲ್ಲ. ಸುತ್ತದೆ ಮತ್ತೆ ಸನ್ನೆ ಎಳೆದರೆ ಒಂದರ ಮೇಲೊಂದು ಚಿತ್ರ ಬೀಳುತ್ತದೆ. ತೆಗೆದ ತಕ್ಷಣ ಸುತ್ತುವ ಅಭ್ಯಾಸ ಇಟ್ಟುಕೊಳ್ಳಿ.

7. ರೀಲು ಇಳಿಸುವುದು

ಹನ್ನೆರಡು ಮುಗಿದ ಮೇಲೆ ಹಿಡಿತ ಸಡಿಲವಾಗುವವರೆಗೆ ಸುತ್ತಿ. ಇದು 35 ಎಂಎಂ ರೀಲಿನಂತೆ ಹಿಂದಕ್ಕೆ ಸುತ್ತುವಂಥದಲ್ಲ. ಮತ್ತೆ ನೆರಳಿಗೆ ಬಂದು ಬಾಗಿಲು ತೆರೆದು, ಮೇಲಿನ ರೀಲನ್ನು ಬಿಗಿಯಾಗಿ ಹಿಡಿದು ಹೊರತೆಗೆದು, ತುದಿಯ ಅಂಟುಪಟ್ಟಿಯನ್ನು ನೆನೆಸಿ ಅಂಟಿಸಿ. ಊರಿನ ಸ್ಟುಡಿಯೋಗಳಲ್ಲಿ ಈಗ 120 ತೊಳೆಯುವವರು ವಿರಳ, ಅಂಚೆಯಲ್ಲಿ ಕಳಿಸಬಹುದಾದ ಲ್ಯಾಬುಗಳು ದೊಡ್ಡ ನಗರಗಳಲ್ಲಿವೆ. ಕಳಿಸುವಾಗ ಐಎಸ್ಒ ಮತ್ತು ಕಪ್ಪುಬಿಳುಪು ಎಂಬುದನ್ನು ಚೀಟಿಯಲ್ಲಿ ಬರೆಯಿರಿ. ನೆಗೆಟಿವ್ ವಾಪಸ್ ಬೇಕು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ, ಸ್ಕ್ಯಾನ್ ಮಾತ್ರ ಕಳಿಸಿ ಸುಮ್ಮನಾಗುವವರೂ ಇದ್ದಾರೆ.

ಇನ್ನು ಕೆಳಗಿನ ಕೋಣೆಯಲ್ಲಿ ಒಂದು ಕಡ್ಡಿ ಖಾಲಿ ಉಳಿದಿದೆ. ಕಸವೆಂದು ಎಸೆಯಬೇಡಿ. ಈಗಲೇ ಅದನ್ನು ತೆಗೆದು ಮೇಲಿನ ಕೋಣೆಯಲ್ಲಿ ಕೂರಿಸಿ, ಬಾಗಿಲು ಮುಚ್ಚಿ. ಮುಂದಿನ ರೀಲು ಸುತ್ತಿಕೊಳ್ಳುವುದು ಅದರ ಮೇಲೆಯೇ.